ಮೌನದ ಠರಾವು

ಚಿನ್ಮಯೀಯನ್ನು ಯಾರೇ ಏನೇ ಕೇಳಲಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧವಿರುತ್ತಿತ್ತು. ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವಳು ಅವಳು. ಮಾಳಮಡ್ಡಿಯ ಮನೆಗೆ ಸೊಸೆಯಾಗಿ ಬಂದ ಮೇಲೂ ಆ ಗುಣ ಬಿಡಲಿಲ್ಲ. ಮಗಳು ಪ್ರಣತಿಯ ಹೊಟ್ಟೆ ಒತ್ತಿ ಡಾಕ್ಟರು "ಇಲ್ಲಿ ನೋಯ್ತದೇನ ಪುಟ್ಟಿ?" ಎಂದರೆ "ಹೌದ್ರಿ, ರಾತ್ರಿಯಿಂದ" ಎನ್ನುವವಳು ಇವಳೇ. ತಡವಾಗಿ ಮಾತಾಡಿದವರನ್ನು ಲೋಕ ಹಿಂದೆ ಬಿಟ್ಟು ಹೋಗುತ್ತದೆ ಎಂಬ ಭಯ ಅವಳೊಳಗೆ ಕೂತುಬಿಟ್ಟಿತ್ತು.

ಅಂಥವಳ ಮಗಳು ಉತ್ತರ ಕೊಡುವುದನ್ನೇ ನಿಲ್ಲಿಸಿದಳು.

"ಇನ್ನೊಂದು ಚಪಾತಿ ಹಾಕ್ಲೇನ?" ಎಂದರೆ ಪ್ರಣತಿ ತಲೆ ಎತ್ತಿ ಸುಮ್ಮನೆ ನೋಡುವಳು. ಮುಖದಲ್ಲಿ ಸಿಟ್ಟಿಲ್ಲ, ಹಟವಿಲ್ಲ. ತನಗಿಂತ ಮೊದಲು ಮಾತಾಡಬೇಕಾದ ಇನ್ನಾರೋ ಆ ಕೋಣೆಯಲ್ಲಿದ್ದಾರೆ ಎಂಬಂತೆ ಕಾಯುವಳು. ಚಪಾತಿ ಆರಿದ ಮೇಲೆ "ಹಾಕು" ಎನ್ನುವಳು.

ಅತ್ತೆ ಅಂಬಾಬಾಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಒಂದಿಷ್ಟೂ ಘಾಟು ಬರಲಿಲ್ಲ. "ನೋಡಿದೇನು? ಭಾರೀ ದೃಷ್ಟಿ ಆಗೇದ" ಎಂದು ಪಿಸುಗುಟ್ಟಿದರು. ಕಿವಿಯ ಡಾಕ್ಟರು ಮಾತ್ರ ನಕ್ಕರು. "ಕಿವಿ ಛಲೋ ಅದಾವ್ರಿ. ನೀವ ಒಂದೀಟು ಸುಮ್ಮನ ಕೂಡ್ರಿ, ಹುಡುಗಿ ಮಾತಾಡ್ತಾಳ."

ಒಂದು ಸಂಜೆ ಓಣಿಯಲ್ಲಿ ಪ್ರಣತಿಯ ಜೊತೆ ಅವಳ ತರಗತಿಯ ಮಕ್ಕಳು ಆಡುತ್ತಿದ್ದರು. "ಯಾರು ಔಟು?" ಎಂದು ಯಾರೋ ಕೇಳಿದರು. ತಟ್ಟನೆ ಎಲ್ಲರೂ ನಿಂತಲ್ಲೇ ನಿಂತರು. ಒಂದು ಬಾಯಿಯೂ ತೆರೆಯಲಿಲ್ಲ. ಎಲ್ಲ ಮುಖಗಳೂ ಓಣಿಯ ತುದಿಗೆ ತಿರುಗಿದ್ದವು. ಅಲ್ಲಿ ಯಾರೂ ಇರಲಿಲ್ಲ. ಗೇಟು ಹಿಡಿದು ನಿಂತ ಚಿನ್ಮಯೀ ಆ ತುದಿಯನ್ನು ಎರಡೆರಡು ಸಲ ನೋಡಿದಳು.

ಮರುದಿನವೇ ಶಾಲೆಗೆ ಹೋದಳು. ಪ್ರಣತಿಯ ಐದನೇ ತರಗತಿಯಲ್ಲಿ ಮಕ್ಕಳ ಸಂಸತ್ತು ನಡೆದಿತ್ತು. "ಬರ್ರಿ ಬಾಯಾರ, ಹಿಂದ ಕೂಡ್ರಿ" ಎಂದರು ಮಾಸ್ತರು ಶಿವಯೋಗೀಶ. ಸಭಾಪತಿಯ ಕುರ್ಚಿಯಲ್ಲಿದ್ದ ಫಾರೂಕ ಕೇಳಿದ: "ನೀರಿನ ಟಾಕಿ ಎಲ್ಲಿ ಇಡೂಣು?"

ಮೌನ ಇಳಿಯಿತು, ಅದೇ ಮೌನ. ತಲೆಗಳೆಲ್ಲ ಒಟ್ಟಿಗೆ ಕಿಟಕಿಯ ಬದಿಯ ಬೆಂಚಿಗೆ ತಿರುಗಿದವು. ಅಲ್ಲೊಬ್ಬ ಸಣಕಲು ಹುಡುಗಿ. ಬಾಯಿ ತೆರೆದಿತ್ತು, ಕತ್ತಿನ ನರ ಬಿಗಿದಿತ್ತು, ಸದ್ದಿರಲಿಲ್ಲ. ಕಡೆಗೆ "ಬೇ... ವಿನ ಗಿಡದ ಕೆಳಗ" ಎಂದಳು. ಆಮೇಲಷ್ಟೇ ಉಳಿದವರ ಕೈಗಳು ಎದ್ದವು.

"ಗರಗದಿಂದ ಬಂದ ಸಾವಕ್ಕ ಅಕಿ" ಎಂದರು ಮಾಸ್ತರು, ಮೆಲ್ಲಗೆ. "ಮಾತು ತಡಾ ಬರತಾವ್ರಿ. ಅಕಿ ಬಾಯಿ ತಗಿಯೂದ್ರಾಗ ಉಳದವರು ಒದರಿ ಮುಗಿಸ್ತಿದ್ರು. ಅದಕ್ಕ ಇವ್ರ ಠರಾವು ಮಾಡ್ಯಾರ, ಯಾರ ಏನ ಕೇಳಿದ್ರೂ ಮೊದಲ ಸಾವಕ್ಕನ ಸರತಿ."

"ನಮ್ಮ ಮನ್ಯಾಗ ಅಕಿ ಇಲ್ಲಲ್ರಿ ಸರ್" ಎಂದಳು ಚಿನ್ಮಯೀ.

ಪ್ರಣತಿ ಹಿಂತಿರುಗಿ ನೋಡಿದಳು. "ಇಲ್ಲದಾಗೂ ಕಾಯಬೇಕಮ್ಮಾ. ಇಲ್ಲಂದ್ರ ರೂಢಿ ತಪ್ಪತದ."

ಚಿನ್ಮಯೀಗೆ ಸಮಾಧಾನವಾಗಲಿಲ್ಲ. ಇದನ್ನು ನಿಲ್ಲಿಸಿ ಎಂದು ಕೇಳಿಕೊಂಡಾಗ ಮಾಸ್ತರು ಮಕ್ಕಳತ್ತ ಕೈ ತೋರಿಸಿದರು. "ನನ್ನ ಕೇಳಬ್ಯಾಡ್ರಿ. ಸಭಾದಾಗ ಹೇಳ್ರಿ."

ಅವಳು ಎದ್ದು ನಿಂತಳು. "ಈ ಠರಾವು ತಗೀರಿ. ನನ್ನ ಮಗಳು ನನ್ನ ಜೋಡಿ ಮಾತಾಡವಲ್ಲಳು. ನನಗ ಅಂಜಿಕಿ ಆಗ್ತದ."

"ಏನಂತೀರಿ?" ಎಂದು ಫಾರೂಕ ಸಭೆಯನ್ನು ಕೇಳಿದ.

ಮತ್ತೆ ಎಲ್ಲ ತಲೆಗಳೂ ತಿರುಗಿದವು. ಚಿನ್ಮಯೀಯೂ ನೋಡಿದಳು. ಸಾವಕ್ಕನ ಮೇಲ್ದುಟಿಯ ಮೇಲೆ ಬೆವರಿತ್ತು. ಕಣ್ಣು ಒಂದು ಮುಖದಿಂದ ಇನ್ನೊಂದಕ್ಕೆ, ಬಾಗಿಲು ಹುಡುಕುವವರ ಹಾಗೆ ಓಡುತ್ತಿತ್ತು.

"ನಂ... ನನಗೂ ಅಂಜಿಕಿ ಆಕ್ಕೈತಿ. ಎಲ್ಲಾರೂ... ನೋಡ್ತೀರಿ. ಠರಾವು ಮಾಡೂಮುಂದ ನನ್ನ... ಕೇಳಲಿಲ್ಲ."

ಮಾಸ್ತರು ನೆಲ ನೋಡಿದರು. ಪ್ರಣತಿಯ ಕಿವಿ ಕೆಂಪಾಯಿತು.

"ಹಂಗಾರ ತಗದಬಿಡೂಣೇನು?" ಫಾರೂಕನ ದನಿ ಇಳಿದಿತ್ತು.

"ಬ್ಯಾ... ಡ. ಕಾಯ್ರಿ. ನೋಡಬ್ಯಾಡ್ರಿ. ಸಾಲ್ಯಾಗಷ್ಟ... ಸಾಕು."

ಕೈಗಳು ಎದ್ದವು. ತಿದ್ದುಪಡಿ ಪಾಸಾಯಿತು. ಚಿನ್ಮಯೀಯ ಕೈಯೂ ಎದ್ದಿತ್ತು. ತನಗೆ ಮತವಿಲ್ಲವೆಂಬುದು ನೆನಪಾಗಿ ಇಳಿಸಿದಳು. ಮನೆಗೆ ಮಾತು ಮರಳಿ ಬರುತ್ತದೆ. ಈಗ ಹೊರಟುಬಿಡಬಹುದಿತ್ತು.

ಅಷ್ಟರಲ್ಲಿ ಫಾರೂಕ ಮುಂದಿನ ಪ್ರಶ್ನೆ ಕೇಳಿದ: "ಟಾಕಿ ತೊಳಿಯೂದು ಯಾರು?"

ಇಡೀ ತರಗತಿ ಒಮ್ಮೆಲೇ ಕಣ್ಣು ಮುಚ್ಚಿತು. ಹಾಡುಹಗಲಲ್ಲಿ, ಸಾಲು ಸಾಲು ಮುಚ್ಚಿದ ಕಣ್ಣುಗಳು, ನೆಟ್ಟಗೆ ಕೂತ ಮೈಗಳು. ಪ್ರಣತಿಯದೂ ಹಾಗೆಯೇ. ಆ ಕೋಣೆಯಲ್ಲಿ ಸಾವಕ್ಕನನ್ನು ನೋಡುತ್ತಿದ್ದವಳು ಈಗ ಚಿನ್ಮಯೀ ಒಬ್ಬಳೇ.

ಅವಳೂ ಮುಚ್ಚಿದಳು. ಕತ್ತಲು. ಫ್ಯಾನಿನ ಕಿರುಗುಟ್ಟುವಿಕೆ. ಎಲ್ಲೋ ಬಹಳ ಹತ್ತಿರದಲ್ಲಿ ಒಂದು ಉಸಿರು ಮಾತಾಗಲು ತಡಕಾಡುತ್ತಿತ್ತು.