ಅವ್ವ ಕಚ್ಚು ಹಾಕಿದ ಮೆಟ್ಟಿಲು

ನಮ್ಮ ಕಳಂಬೋಲಿಯ ಬಿಲ್ಡಿಂಗಿನ ಕೆಳಗೆ ಮೂರು ದಿನದಿಂದ ನೆಲಕ್ಕೆ ಹಾಸುವ ಫರ್ಶಿಕಲ್ಲು ಕೊಯ್ಯುತ್ತಿದ್ದಾರೆ. ಕಲ್ಲುಪುಡಿಯ ವಾಸನೆ ನಾಲ್ಕನೇ ಮಾಳಿಗೆಗೆ ಬರುತ್ತದೆ. ಸೊಸೆ ಕಿಟಕಿ ಮುಚ್ಚುತ್ತಾಳೆ, ನಾನು ತೆಗೆಯುತ್ತೇನೆ. ಅವಳಿಗೆ ಅದು ಧೂಳು. ನನಗೂ ಧೂಳೇ, ಆದರೆ ಪರಿಚಯದ ಧೂಳು.

ನನ್ನ ಅವ್ವ ಇದೇ ವಾಸನೆ ಹೊತ್ತು ಮನೆಗೆ ಬರುತ್ತಿದ್ದಳು. ಆಗ ಠಾಣೆ ಪಟ್ಟಣದ ಪಕ್ಕದ ಕಳವಾ ಎಂಬಲ್ಲಿ ನಮ್ಮದೊಂದು ಖೋಲಿ, ಒಂದೇ ಕೋಣೆ. ವಿಜಯಪುರದ ಕಡೆಯಿಂದ ಬಂದ ಕಲ್ಲುಕೆಲಸದವರು ನಾವು. ಅಪ್ಪ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದ. ಅವ್ವ ಚೀಲದಲ್ಲಿ ಉಳಿ, ಸುತ್ತಿಗೆ ಹಾಕಿಕೊಂಡು ಠಾಣೆಯ ಚಾಳುಗಳ ಸಾಲುಮನೆಗಳಲ್ಲಿ ‘ಪಾಟ್ಯಾಲಾ ಟಾಕೀ!’, ಅರೆಯುವ ಕಲ್ಲಿಗೆ ಕಚ್ಚು, ಎಂದು ಮರಾಠಿಯಲ್ಲಿ ಕೂಗುತ್ತ ಹೋಗುತ್ತಿದ್ದಳು. ಅರೆಯುವ ಕಲ್ಲು ಸವೆದು ನುಣುಪಾದರೆ ಮಸಾಲೆ ಜಾರುತ್ತದೆ, ಅರೆಯುವುದಿಲ್ಲ. ಉಳಿಯಿಂದ ಕಚ್ಚು ಹಾಕಿ ಅದನ್ನು ಮತ್ತೆ ಒರಟು ಮಾಡಬೇಕು. ನಿಮ್ಮ ಮನೆಯಲ್ಲಿ ಮಿಕ್ಸರ್ ಇದೆ, ಈ ಮಾತು ನಿಮಗೆ ಬೇಡ. ಆದರೂ ತಿಳಿದಿರಿ, ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತದೆ.

ನನ್ನನ್ನು ಮರಾಠಿ ಶಾಲೆಗೆ ಹಾಕಿದರು. ಇಡೀ ಶಾಲೆಯಲ್ಲಿ ಕನ್ನಡದವಳು ನಾನೊಬ್ಬಳೇ. ಎರಡು ವರ್ಷ ನಾನು ಅಲ್ಲಿ ಒಂದು ಮಾತೂ ಆಡಲಿಲ್ಲ. “ಏ ಕಾನಡೀ, ಮುಕೀ ಆಹೇಸ್ ಕಾ?” ಎಂದು ಹುಡುಗಿಯರು ಜಡೆ ಎಳೆಯುತ್ತಿದ್ದರು. ಮೂಗಿಯಲ್ಲ, ಎಲ್ಲ ತಿಳಿಯುತ್ತಿತ್ತು, ಬೈಗುಳವಂತೂ ಮೊದಲೇ ತಿಳಿಯಿತು. ಅಪ್ಪನದೂ ಮೊದಲು ಸುಮ್ಮನೆ ನೋಡುವ ರೀತಿ. ಹೊಸ ಕಲ್ಲು ಸಿಕ್ಕರೆ ನೀರು ಸುರಿದು, ಎಳೆ ಎತ್ತ ಹೋಗಿದೆ ಎಂದು ಬೀಡಿ ಮುಗಿಯುವವರೆಗೆ ನೋಡುತ್ತ ಕೂಡುತ್ತಿದ್ದ, ಆಮೇಲೇ ಮೊದಲ ಏಟು. ನಾನೂ ಎಳೆ ನೋಡುತ್ತಿದ್ದೆ ಎಂದು ಈಗ ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಹೆದರಿದ್ದೆ. ಶಾಲೆ ಬಿಡಿಸಿದರೆ ಅವ್ವನ ಹಿಂದೆ ಚಾಳು ಸುತ್ತಬಹುದು ಎಂಬ ಆಸೆಯೂ ಇತ್ತು.

ಹೆಡ್‌ಮಾಸ್ತರರು ಹೇಳಿ ಕಳಿಸಿದರು: ಮನೆಯವರು ಬರಬೇಕು, ಮಾತಾಡದ ಹುಡುಗಿಯನ್ನು ಮುಂದಿನ ತರಗತಿಗೆ ಹಾಕಲಾಗದು, ಕರೆದುಕೊಂಡು ಹೋಗಿ. ನನಗೆ ಒಳಗೊಳಗೇ ಖುಷಿ. ಅಪ್ಪನಿಗೆ ರಜೆ ಇಲ್ಲ. ಅವ್ವ ಕೆಲಸದ ಚೀಲದ ಸಮೇತ ಬಂದಳು.

“ಏನ್ ಮಾಡೀಯವಾ?” ಎಂದಳು.

“ಏನೂ ಮಾಡಿಲ್ಲ.”

“ಅದಕ್ಕ ಕರಸ್ಯಾರ ಅಂದಂಗಾತು.”

ಒಳಗೆ ಯಾವುದೋ ಮೀಟಿಂಗು ನಡೆದಿತ್ತು, ಕಾಯಲು ಹೇಳಿದರು. ನನ್ನನ್ನು ತರಗತಿಗೆ ಅಟ್ಟಿದರು. ಶಾಲೆಯ ಬಾಗಿಲಿಗೆ ಐದು ಕಪ್ಪು ಕಲ್ಲಿನ ಮೆಟ್ಟಿಲು. ಯಾರೋ ದೊಡ್ಡವರು ನೋಡಲು ಬರುತ್ತಾರೆಂದು ಆ ವಾರವಷ್ಟೇ ಪಾಲಿಶ್ ಹಾಕಿಸಿ ಕನ್ನಡಿ ಮಾಡಿದ್ದರು. ಅವ್ವ ಅದರ ಮೇಲೆ ಕೂತಳು, ಅಂಗೈ ಆಡಿಸಿದಳು. ನುಣುಪು ಕಲ್ಲೆಂದರೆ ಅವಳ ಲೆಕ್ಕದಲ್ಲಿ ಸವೆದ ಕಲ್ಲು. ಪಾಪ, ಮಕ್ಕಳು ಜಾರುತ್ತವೆ ಎಂದುಕೊಂಡಳು, ಉಳಿ ತೆಗೆದಳು.

ತರಗತಿಯಲ್ಲಿ ಕೂತ ನನಗೆ ಸದ್ದು ಕೇಳಿತು. ಟಕ್ ಟಕ್ ಟಕ್. ಆ ಕೈ ನನಗೆ ಗೊತ್ತು.

ಹೆಡ್‌ಮಾಸ್ತರರು ಓಡಿ ಬರುವಷ್ಟರಲ್ಲಿ ಮೂರು ಮೆಟ್ಟಿಲು ಆಗಿತ್ತು. ಎಷ್ಟು ಚೆಂದ ಮಾಡಿದ್ದಳೆಂದರೆ, ಸಾಲು ಸಾಲು, ಜೋಳ ಬಿತ್ತಿದ ಹಾಗೆ. ಅವರು ತಲೆ ಮೇಲೆ ಕೈ ಇಟ್ಟು “ಹೇ ಕಾಯ್ ಕೇಲಂಸ್ ಬಾಯೀ!” ಇದೇನು ಮಾಡಿಬಿಟ್ಟೆ ಎಂದು ಕಿರುಚಿದರು. ಶಾಲೆಯೆಲ್ಲ ಹೊರಗೆ ಬಂತು. ಅವ್ವನಿಗೆ ಬರುತ್ತಿದ್ದ ಮರಾಠಿ ಬೀದಿಯಲ್ಲಿ ಕೂಗುವಷ್ಟೇ. ಗುಂಪಿನಲ್ಲಿ ನನ್ನನ್ನು ಹುಡುಕಿದಳು.

“ಯಾಕ ಒದರ್ತಾನಿಂವ? ಇನ್ನ ಎಡ್ಡ ಉಳದಾವ. ಮಾಡ್ಲ್ಯೋ ಬ್ಯಾಡೋ ಕೇಳ.”

ಎಲ್ಲರೂ ನನ್ನನ್ನೇ ನೋಡಿದರು. ಕೇಳದಿದ್ದರೆ ಆಯಿತು, ಶಾಲೆ ಮುಗಿಯಿತು. ನನಗೆ ಬೇಕಾದದ್ದೂ ಅದೇ. ಆದರೆ ಉಳಿ ಹಿಡಿದು ಉತ್ತರಕ್ಕೆ ಕಾಯುತ್ತಿದ್ದವಳನ್ನು ಹಾಗೇ ನಿಲ್ಲಿಸುವುದು ಹೇಗೆ? ಬಾಯಿ ತೆರೆದೆ. “ಆಯೀ ವಿಚಾರತೇ, ಉರಲೇಲ್ಯಾ ದೋನ್ ಕರೂ ಕಾ?” ಉಳಿದೆರಡನ್ನು ಮಾಡಲೇ ಎಂದು ಅವ್ವ ಕೇಳುತ್ತಾಳೆ, ಅಷ್ಟೇ.

ಮೊದಲು ನಕ್ಕವರು ನಮ್ಮ ಟೀಚರು. “ಅಗೋ, ಹೀ ಬೋಲತೇ!” ಅಯ್ಯೋ, ಇವಳು ಮಾತಾಡುತ್ತಾಳೆ ಎಂದರು. ಆಮೇಲೆ ಶಾಲೆಯೇ ನಕ್ಕಿತು. ಹೆಡ್‌ಮಾಸ್ತರರು ನನ್ನ ಮುಖ ನೋಡಿದರು, ಮೆಟ್ಟಿಲು ನೋಡಿದರು. ಮೂರು ಒರಟು, ಎರಡು ನುಣುಪು ಇನ್ನೂ ಅಸಹ್ಯ ಎಂದು ಅವರಿಗೂ ಅನ್ನಿಸಿರಬೇಕು. ಮಾಡಲಿ ಎಂದರು. ಹುಡುಗಿ ನಾಳೆಯಿಂದ ಮೊದಲ ಸಾಲಿನಲ್ಲಿ ಕೂಡಲಿ, ಅದನ್ನೂ ಅವ್ವನಿಗೆ ಹೇಳು ಎಂದರು.

ಅವ್ವ ಕೊನೆಯ ಮೆಟ್ಟಿಲು ಮುಗಿಸಿ, ಸೆರಗಿನಿಂದ ಪುಡಿ ಒರಸಿದಳು. ಆ ದಿನದ ಅವಳ ಚಾಳುಗಳೆಲ್ಲ ತಪ್ಪಿದ್ದವು. ರೆಪ್ಪೆಯ ಮೇಲೂ ಬಿಳಿ ಪುಡಿ.

“ನಿನ್ನ ಸುದ್ದಿ ಏನಂದ?”

ಅಲ್ಲಿ ಎರಡೂ ಭಾಷೆ ಬರುತ್ತಿದ್ದದ್ದು ನನಗೊಬ್ಬಳಿಗೇ. ಶಾಲೆ ಬಿಡಿಸು ಅಂದರು ಎಂದಿದ್ದರೆ ನಂಬುತ್ತಿದ್ದಳು.

“ದಿನಾ ಬರಬೇಕಂತ. ಮಳಿ ಬಂದ್ರೂ.”

“ಹಂಗಾರ ದಿನಾ ಬಾ,” ಎಂದು ಚೀಲ ಎತ್ತಿಕೊಂಡು ಹೋದಳು. ಮಳೆಯ ಮಾತು ನಾನೇ ಸೇರಿಸಿದ್ದು. ಯಾಕೆಂದು ಗೊತ್ತಿಲ್ಲ.

ನಾಲ್ಕನೆಯವರೆಗೆ ಓದಿದೆ, ಆಮೇಲೆ ಮದುವೆ. ದೊಡ್ಡ ಓದೇನೂ ಅಲ್ಲ. ಕನ್ನಡದ ಅಕ್ಷರ ಕಲಿಯಲು ಹೊರಟದ್ದು ಈಗ, ಇಲ್ಲಿ ಭಾನುವಾರ ನಡೆಯುವ ಕನ್ನಡ ಕ್ಲಾಸಿನಲ್ಲಿ. ಉಳಿದವರೆಲ್ಲ ಎಂಟು ವರ್ಷದವರು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಹೇಳುತ್ತವೆ. ಕಲಿಸುವವಳು ಮೈಸೂರಿನವಳು. ಎರಡು ತಿಂಗಳು ನಾನು ಸುಮ್ಮನೆ ಕೂತದ್ದು ನೋಡಿ, “ಅಜ್ಜಿಗೆ ಕಿವಿ ಕೇಳಿಸಲ್ವೇನೋ” ಎಂದು ನನ್ನ ಪಕ್ಕದ ಹುಡುಗಿಗೆ ಹೇಳಿದಳು.

ಮೊನ್ನೆ ಭಾನುವಾರ ಕರೆಯದೆಯೇ ಎದ್ದು ನಿಂತು ಪಾಠ ಓದಿದೆ. ಒತ್ತಕ್ಷರ ಬಂದಲ್ಲೆಲ್ಲ ಮುಗ್ಗರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. “ಸಾಕು ಅಜ್ಜಿ, ಕೂತ್ಕೊಳ್ಳಿ,” ಎಂದಳು ಮೈಸೂರಿನವಳು.

“ಇನ್ನ ಎಡ್ಡ ಸಾಲ ಉಳದಾವ,” ಎಂದೆ.