ಒಂದು ಕಣ್ಣು ತೆರೆದ ಗಣಪತಿ

ಇವತ್ತು ಮಾಡಿದ ಕೆಲಸ ಇಷ್ಟು. ನಸುಕಿನಲ್ಲಿ ನಳ ಬಂತು, ಬ್ಯಾರಲ್ಲು, ಕೊಡ, ಹಂಡೆ ಎಲ್ಲ ತುಂಬಿಸಿದೆ. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ. ಓಣಿಯ ಒಬ್ಬರ ಜಂಪರಿಗೆ ಹುಕ್ಕು ಹಚ್ಚಿ ಕೊಟ್ಟೆ. ಹುಗ್ಗಿಗೆ ಗೋದಿ ನೆನೆಹಾಕಿದೆ. ಹಿತ್ತಾಳೆಯ ದೀಪದ ಸಮೆ ತಿಕ್ಕಿದೆ. ಪಡಸಾಲೆ ಒರೆಸಿದೆ, ಯಾಕೋ ಸಮಾಧಾನವಾಗದೆ ಮತ್ತೊಮ್ಮೆ ಒರೆಸಿದೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ.

ತೋರಣದ ಗೊಂದಲಕ್ಕೆ ಕಾರಣವಿತ್ತು. ಇವತ್ತು ನಮ್ಮ ಮನೆಗೆ ಬರಬೇಕಾದವನು ಇರಲಿಕ್ಕೆಂದು ಬರುತ್ತಿರಲಿಲ್ಲ. ನಾಳೆ ಹೊಳೆಗೆ ಹೋಗಲಿಕ್ಕೆ ಬರುತ್ತಿದ್ದ. ಬರುವವನಿಗೆ ತೋರಣ ಕಟ್ಟುತ್ತಾರೆ, ಹೋಗುವವನಿಗೆ ಕಟ್ಟುವುದಿಲ್ಲ. ಎರಡೂ ಒಬ್ಬನೇ ಆದರೆ ಏನು ಮಾಡಬೇಕು? ನಮ್ಮ ನೆಗೆಣ್ಣಿಯನ್ನು, ಅಂದರೆ ಭಾವನ ಹೆಂಡತಿಯನ್ನು, ಕೇಳಿದೆ. ನಾನು ಆಕೆಯನ್ನು ಅಕ್ಕ ಎನ್ನುತ್ತೇನೆ.

"ಕಟ್ಟು. ಬ್ಯಾಡಾದ್ರ ಆಡು ತಿಂತೈತಿ," ಅಂದಳು.

ನಮ್ಮದು ತೊಗಲುಗೊಂಬೆ ಆಡಿಸುವ ಮನೆತನ. ಗಜೇಂದ್ರಗಡದಲ್ಲಿ ಗುಡ್ಡದ ಕೆಳಗೆ ಬಂದು ನೆಲೆಯೂರಿ ಬಹಳ ಕಾಲವಾಯಿತು. ಒಳಗೊಳಗೆ ಮಾತಾಡುವಾಗ ನಮ್ಮದು ಮರಾಠಿ ಬೆರೆತ ಮಾತು. ಹೊರಗಿನವರು ಬಂದರೆ ಕನ್ನಡ. ನಮ್ಮವರು, ಅಂದರೆ ನನ್ನ ಗಂಡ, ಪ್ಲಾಸ್ಟಿಕ್ ಕೊಡ, ಬುಟ್ಟಿಗಳನ್ನು ಗಾಡಿಗೆ ಕಟ್ಟಿಕೊಂಡು ರೋಣ, ಅಬ್ಬಿಗೇರಿ ಸಂತೆಗಳಿಗೆ ಹೋಗುತ್ತಾರೆ. ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಗೊಂಬೆ ಆಡಿಸುವುದನ್ನು ಬಿಡದೆ ಹಿಡಿದುಕೊಂಡವರು ಭಾವ ಒಬ್ಬರೇ. ಆಟವಿದ್ದ ದಿನ ನಾವೆಲ್ಲ ಅವರ ಹಿಂದೆ. ಅಕ್ಕ ಹಾಡುತ್ತಾಳೆ, ನಮ್ಮವರು ಮದ್ದಳೆ ಬಾರಿಸುತ್ತಾರೆ, ನಾನು ತಾಳ.

ಆಟದಲ್ಲಿ ಮೊದಲು ಪರದೆಗೆ ಬರುವವನು ಗಣಪತಿ. ನಮ್ಮ ಪೆಟ್ಟಿಗೆಯಲ್ಲಿ ಗಣಪತಿ ಇರಲಿಲ್ಲ.

ಹೇಳುತ್ತೇನೆ. ಗೊಂಬೆಗೂ ಒಂದು ಆಯುಷ್ಯವಿದೆ. ಆಡಿನ ತೊಗಲು ಹದಮಾಡಿ, ಬಣ್ಣ ಹಚ್ಚಿ, ಉಳಿಯಿಂದ ತೂತು ಕೊರೆದು ಮಾಡುತ್ತಾರೆ. ಕಣ್ಣು ಕೊರೆಯುವುದು ಕಟ್ಟಕಡೆಗೆ. ಕಣ್ಣಿನ ತೂತಿನಿಂದ ದೀಪದ ಬೆಳಕು ಹಾಯ್ದಾಗ ಅದಕ್ಕೆ ಜೀವ. ಹರಿದು, ಹೊಲಿದು, ಇನ್ನು ಆಗದು ಅನ್ನುವಾಗ ಪೂಜೆ ಮಾಡಿ ಹರಿಯುವ ನೀರಿಗೆ ಬಿಡುತ್ತಾರೆ. ನಮ್ಮ ಮನೆಯ ಪದ್ಧತಿ ಇನ್ನೂ ಒಂದಿದೆ: ಹಳೆಯದು ಹೊಳೆಗೆ ಹೋಗುವ ತನಕ ಹೊಸದರ ಕಣ್ಣು ಕೊರೆದು ತೆರೆಯುವಂತಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಗಣಪತಿಯರು ನೋಡಬಾರದು.

ನಮ್ಮ ಮಾವನವರ ಕಾಲದ ಗಣಪತಿ ಸೊಂಡಿಲ ಹತ್ತಿರ ಹರಿದಿತ್ತು. ಅತ್ತೆಯವರು ತಮ್ಮ ಸೀರೆ ಅಂಚಿನ ಹಸಿರು ಎಳೆ ತೆಗೆದು ಅದನ್ನು ಹೊಲಿದಿದ್ದರು. ಹೊಳೆಗೆ ಬಿಡಬೇಕು ಅನ್ನುವ ವರ್ಷವೇ ಶಹರದ ವಸ್ತುಸಂಗ್ರಹಾಲಯದವರು ಬಂದು, ಪ್ರದರ್ಶನ ಇಟ್ಟಿದ್ದೇವೆ, ಮುಗಿದ ಮೇಲೆ ಮರಳಿಸುತ್ತೇವೆ ಎಂದು ಕೇಳಿದರಂತೆ. ಹೋಗುವವನು ನಾಲ್ಕು ಮಂದಿಯ ಕಣ್ಣಿಗೆ ಬಿದ್ದು ಹೋಗಲಿ ಎಂದು ಮಾವನವರು ಕೊಟ್ಟರು. ಪ್ರದರ್ಶನ ಮುಗಿಯಿತು. ಮಾವನವರೂ ಹೋದರು. ಕಾಗದ ಬರೆಸಿದರೂ ಗಣಪತಿ ಬರಲಿಲ್ಲ.

ಭಾವ ಹೊಸ ಗಣಪತಿಯನ್ನು ಮಾಡಿಟ್ಟು ಹನ್ನೆರಡು ವರ್ಷ, ನನ್ನ ಮಗಳ ವಯಸ್ಸೇ ಆಯಿತು. ಕಿರೀಟ, ಹೊಟ್ಟೆ, ಇಲಿ ಎಲ್ಲ ಇದೆ. ಕಣ್ಣಿನ ಜಾಗದಲ್ಲಿ ಬರೀ ತೊಗಲು. ಹಾಗಾಗಿ ನಮ್ಮ ಆಟದಲ್ಲಿ ಗಣಪತಿಯ ಹಾಡು ಮುಗಿಯುವ ತನಕ ಪರದೆ ಖಾಲಿ. ದೀಪ ಉರಿಯುತ್ತದೆ, ಅಕ್ಕ ಹಾಡುತ್ತಾಳೆ, ಪರದೆಯ ಬಿಳಿ ಧೋತರ ಗಾಳಿಗೆ ಅಲ್ಲಾಡುತ್ತದೆ. ಒಮ್ಮೆ ನರಗುಂದದಲ್ಲಿ ಹುಡುಗರು ಕೂಗಿದರು, "ಏ ಯಜ್ಜಾ, ಗೊಂಬಿ ಮನ್ಯಾಗ ಮರ್ತ ಬಂದೀಯೇನ?" ಎಲ್ಲರೂ ನಕ್ಕರು. ಭಾವ ಪರದೆಯ ಹಿಂದೆ ಕುಂತಲ್ಲೇ ಕುಂತರು. ಮುಂದಿನ ಗೊಂಬೆಯನ್ನು ನಮ್ಮವರೇ ಕೈಗೆ ಕೊಡಬೇಕಾಯಿತು.

ಹಳೆಯವನು ಮತ್ತೆ ಸಿಕ್ಕದ್ದು ಹೋದ ವರ್ಷ. ಭಾವನ ಕಣ್ಣು ತೋರಿಸಲು ಶಹರದ ದವಾಖಾನೆಗೆ ಹೋಗಿದ್ದೆವು. ಡಾಕ್ಟರು ಮಧ್ಯಾಹ್ನದ ಮೇಲೆ ಬನ್ನಿ ಅಂದರು. ಬಿಸಿಲಿಗೆ ಎಲ್ಲಿ ಕೂರುವುದು ಎಂದು ಆ ವಸ್ತುಸಂಗ್ರಹಾಲಯದ ಒಳಗೆ ಹೋದೆವು. ಗಾಜಿನ ಹಿಂದೆ ಇದ್ದ. ಮಬ್ಬಾದ ಕಣ್ಣಿನಲ್ಲೂ ಭಾವ ಆ ಹಸಿರು ಹೊಲಿಗೆಯನ್ನು ಗುರುತು ಹಿಡಿದರು. "ಅವ್ವನ ಕೈ," ಅಂದರು, ಅಷ್ಟೆ. ಕಾವಲಿನವನಿಗೆ ನಮ್ಮವರು ಇದು ನಮ್ಮ ಮನೆಯದು ಎಂದರೆ ಅವನು, "ಹೌದ್ರಿ, ಇಲ್ಲಿ ಬಂದಾವ್ರೆಲ್ಲಾ ಹಂಗ ಅಂತಾರ್ರಿ. ಗಾಜಿಗೆ ಕೈ ಹಚ್ಚಬ್ಯಾಡ್ರಿ," ಅಂದ. ಆಮೇಲೆ ಎಷ್ಟೋ ಸಲ ಹೋದೆವು. ಈ ಮೇಜಿನವರು ಆ ಮೇಜಿಗೆ ಕಳಿಸಿದರು. ಕೊನೆಗೆ ಹೊಸದಾಗಿ ಬಂದ ಅಧಿಕಾರಿ ಹೆಣ್ಣುಮಗಳೊಬ್ಬಳು ಕೂರಿಸಿ ಕೇಳಿದಳು. ಕೊಟ್ಟದ್ದು ಎರವಲು, ದಾನವಲ್ಲ ಎಂದು ಹಳೆಯ ದಾಖಲೆಯಿಂದ ತಾನೇ ಹುಡುಕಿ ತೆಗೆದು ಮೇಲಿನವರನ್ನು ಒಪ್ಪಿಸಿದಳು. ತಾನೇ ತಂದು ಕೊಡುತ್ತೇನೆ ಅಂದಳು.

ಭಾವನಿಗೆ ಅವಸರ ಸುಮ್ಮನೆ ಅಲ್ಲ. ಕಣ್ಣು ತೆರೆಯುವ ಕೆಲಸ ಮನೆಯ ಹಿರಿಯನದು. ಒಂದು ಕೂದಲೆಳೆ ಆಚೀಚೆಯಾದರೆ ಗೊಂಬೆ ಮೆಳ್ಳಗಣ್ಣಾಗುತ್ತದೆ. ಡಾಕ್ಟರು ಆಪರೇಷನ್ ಮಾಡಿದರೂ ಪೂರಾ ಕಾಣುವ ಭರವಸೆ ಇಲ್ಲ ಎಂದಿದ್ದಾರೆ. ದಿನಾ ಬೆಳಿಗ್ಗೆ ಭಾವ ಬಾಗಿಲಲ್ಲಿ ನಿಂತು ಗುಡ್ಡದ ಮೇಲಿನ ಕೋಟೆಯ ಗೋಡೆಯ ಕಡೆ ನೋಡುತ್ತಾರೆ. ಇನ್ನೂ ಕಾಣುತ್ತದೆಯೇ ಎಂದು ನೋಡಿಕೊಳ್ಳುವುದು.

ಇವತ್ತಂತೂ ಅವರು ಒಂದು ಕಡೆ ಕೂರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋದರು, ಬಂದರು, ಚಹಾ ಅರ್ಧ ಕುಡಿದು ಮತ್ತೆ ಹೊರಟರು.

"ಅವ್ರು ಜೀಪಿನ್ಯಾಗ ಬರ್ತಾರ. ಬಸ್‌ಸ್ಟ್ಯಾಂಡಿನ್ಯಾಗ ಏನ್ ಕೆಲ್ಸ ನಿಂದು?" ಅಕ್ಕ ಕೇಳಿದಳು.

"ದಾರಿ ತಪ್ಪಿದ್ರ ಅಲ್ಲೇ ಕೇಳ್ತಾರಲ್ಲ."

"ಮದುವಿ ದಿನ ಇಷ್ಟ್ ಹಾದಿ ನೋಡಿದ್ದಿಲ್ಲ ನೀ."

ನಮ್ಮವರು ಮಾತ್ರ ಅಣ್ಣನ ಎದುರಿಗೆ ಬರಲಿಲ್ಲ. ಸಂತೆಗೆ ಹೋಗದೆ ಮನೆಯಲ್ಲುಳಿದು, ಗಾಡಿಯ ಮೇಲಿನ ಕೊಡಗಳನ್ನು ಇಳಿಸಿ ಮತ್ತೆ ಕಟ್ಟುತ್ತಿದ್ದರು. ಹಬ್ಬದಂಥ ದಿನ ಯಾಕೆ ಹೀಗೆ ಎಂದು ನನಗೆ ತಿಳಿಯಲಿಲ್ಲ.

ಹೊತ್ತು ಇಳಿಯುವಾಗ ಜೀಪು ಬಂತು. ಅಧಿಕಾರಿ ಇಳಿದಳು, ನನ್ನಷ್ಟೇ ವಯಸ್ಸು. ಚಪ್ಪಟೆಯ ಪೆಟ್ಟಿಗೆಯೊಂದನ್ನು ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತಂದು ಪಡಸಾಲೆಯಲ್ಲಿಟ್ಟಳು. ಅಕ್ಕ ಆರತಿ ಎತ್ತಿದಳು. ಅಧಿಕಾರಿ ಕೈಗೆ ತೆಳುವಾದ ನೀಲಿ ಕೈಗವಸು ಹಾಕಿಕೊಂಡು ಮುಚ್ಚಳ ತೆಗೆದಳು. ಬಿಳಿ ಬಟ್ಟೆಯ ಮೇಲೆ ಗಣಪತಿ. ಬಣ್ಣ ಮಾಸಿತ್ತು, ಹಸಿರು ಹೊಲಿಗೆ ಮಾತ್ರ ಹಾಗೇ ಇತ್ತು. ಭಾವ ಕೈ ಚಾಚಿದರು. ಆಕೆ ಗಪ್ಪನೆ ಅವರ ಮಣಿಕಟ್ಟು ಹಿಡಿದಳು.

"ಬರಿಗೈಲೆ ಮುಟ್ಟಬ್ಯಾಡ್ರಿ."

"ಯಾಕ್ರಿ? ನಮ್ಮಪ್ಪನ ಗಣಪನ್ನ ಮುಟ್ಟಾಕ ನಿಮ್ಮ ಅಪ್ಪಣಿ ಬೇಕೇನು?"

ಆಕೆ ನಮ್ಮವರ ಕಡೆ ನೋಡಿದಳು. ನಮ್ಮವರು ನೆಲ ನೋಡಿದರು.

"ಇವ್ರಿಗೆ ಫೋನಿನ್ಯಾಗ ಹೇಳಿದ್ನಲ್ರಿ," ಅಂದಳು. "ಹಿಂದಿನವ್ರು ಹುಳಾ ತಿನ್ನಬಾರ್ದಂತ ಇದಕ್ಕ ಔಷಧಿ ಸವರ್‍ಯಾರ್ರಿ. ಪಾಷಾಣ ಕೂಡಿದ ಪುಡಿ, ವಿಷ. ತಪಾಸ ಮಾಡ್ಸಿದ್ವಿ, ತೊಗಲಿನ್ಯಾಗ ಇಳದೈತಿ. ಹೊಳಿಗೆ ಬಿಡಬ್ಯಾಡ್ರಿ ಅಂತ ಕೈ ಮುಗದು ಹೇಳಿದ್ದೆ."

ಆರತಿಯ ದೀಪ ಅಕ್ಕನ ಕೈಯಲ್ಲೇ ಉಳಿಯಿತು. ಭಾವ ತಮ್ಮನ ಕಡೆ ತಿರುಗಿದರು.

"ನಿಂಗ ಗೊತ್ತಿತ್ತು?"

"ಹೇಳಿದ್ರ ನೀ ಬ್ಯಾಡಂತಿದ್ದಿ ಅಣ್ಣಾ. ಮೊದ್ಲ ಮನಿಗೆ ಬರ್ಲಿ ಅಂದ್ಕೊಂಡೆ. ಆಮ್ಯಾಲಿಂದು ಆಮ್ಯಾಲೆ."

"ಆಮ್ಯಾಲಿಂದೇನು? ನಾಳಿಗೆ ಹೊಳಿಆಲೂರಿಗೆ ಗಾಡಿ ಹೇಳೀನಿ."

ಭಾವ ಎದ್ದರು, ಅಂಗಳಕ್ಕೆ ಹೋದರು, ಮತ್ತೆ ಒಳಗೆ ಬಂದರು. ನನಗೆ ಅಲ್ಲಿಯ ಮಲಪ್ರಭೆಯ ದಂಡೆ ಕಣ್ಣಿಗೆ ಬಂತು. ಎಮ್ಮೆಗಳು ಮೂಗಿನ ಮಟ ಮುಳುಗಿ ನಿಂತಿರುತ್ತವೆ, ಹೆಂಗಸರು ಬಟ್ಟೆ ಒಗೆಯುತ್ತಾರೆ. ನಮ್ಮ ಜನರಲ್ಲಿ ಈಗಲೂ ಕೆಲವರು ಅಲ್ಲಿ ಮೀನು ಹಿಡಿಯುತ್ತಾರೆ. ಆ ನೀರಿಗೆ ಪಾಷಾಣ ಬಿಟ್ಟು ಪುಣ್ಯ ಅನ್ನಲಿಕ್ಕಾಗುತ್ತದೆಯೇ?

"ಈ ವಿಷ ನಾವು ಹಾಕಿದ್ದಲ್ಲ," ಭಾವ ನಿಂತಲ್ಲೇ ಹೇಳಿದರು. "ಅಪ್ಪ ಕೊಟ್ಟಾಗ ಇದು ಆಡಿನ ತೊಗಲು, ಗಿಡದ ಬಣ್ಣ. ನೀರಿಗೆ ಬಿದ್ರ ಮೀನ ತಿಂದು ಬದುಕ್ತಿದ್ವು. ನೀವು ಹಾಕೀರಿ, ನೀವ ತಗೀರಿ."

"ಖರೇ ಐತ್ರಿ. ತಪ್ಪು ನಮ್ಮದು," ಅಂದಳು ಆಕೆ. "ಆದ್ರ ಪೂರಾ ತಗ್ಯಾಕ ಆಗ್ತೈತೋ ಇಲ್ಲೋ ನನಗ ಗೊತ್ತಿಲ್ರಿ. ಕೇಳಾಕತ್ತೀನಿ. ಬೇಕಂದ್ರ ಅಲ್ಲೀತನಕ ಇದನ್ನ ಅಲ್ಲೇ…"

"ಹೊಳ್ಳಿ ಒಯ್ಯೋ ಮಾತು ಆಡಬ್ಯಾಡ್ರಿ!" ಅಕ್ಕ ಒಮ್ಮೆಲೇ ಅಂದಳು. ದೀಪ ಆರಿತು.

ನಾನು ಒಳಗೆ ಹೋಗಿ ಹುಗ್ಗಿಗೆ ಸೌಟು ಹಾಕಿದೆ. ತಳ ಹಿಡಿಯುತ್ತಿತ್ತು. ಕೈ ಇಲ್ಲಿ, ಕಿವಿ ಪಡಸಾಲೆಯಲ್ಲಿ. ಭಾವನ ಹೆಜ್ಜೆ ಆ ಗೋಡೆಯಿಂದ ಈ ಗೋಡೆಗೆ ಹೋಗುತ್ತಲೇ ಇತ್ತು. ಕಡೆಗೆ ನಿಂತಿತು.

"ಯವ್ವಾ, ಸೂಜಿ ದಾರ ತಗೊಂಡ್ ಬಾ," ಎಂದು ನನ್ನನ್ನು ಕರೆದರು.

ಹೊರಗೆ ಬಂದೆ. ಹೊಸ ಗಣಪತಿಯನ್ನು ಬಟ್ಟೆಯ ಗಂಟಿನಿಂದ ತೆಗೆದು, ಹಳೆಯವನಿಂದ ದೂರ, ಬೇರೆ ಚಾಪೆಯ ಮೇಲೆ ಇಟ್ಟಿದ್ದರು. ಉಳಿ ಪಕ್ಕದಲ್ಲಿತ್ತು.

"ಹಳೀ ಗಣಪನ ಒಂದು ಕಣ್ಣು ಹೊಲದು ಮುಚ್ಚು. ಹೊಸಾ ಗಣಪಂದು ಒಂದು ಕಣ್ಣು ನಾನು ತಗೀತೀನಿ. ಮನ್ಯಾಗ ಎರಡ ಕಣ್ಣು, ಒಬ್ಬನ ಗಣಪ ನೋಡಿದಂಗಾತು. ಇನ್ನೊಂದು, ಇಂವ ಹೊಳಿ ಕಂಡ ದಿನ."

"ಅಲ್ಲೀತನಕ ನಿನ್ನ ಕಣ್ಣು?" ಅಕ್ಕ ಮೆತ್ತಗೆ ಕೇಳಿದಳು.

"ಅದನ್ನ ಇವ್ರಿಗೆ ಕೇಳು," ಎಂದು ಭಾವ ಅಧಿಕಾರಿಯನ್ನು ತೋರಿಸಿದರು. "ಲಗೂ ಮಾಡ್ರಿ ಮೇಡಮ್ಮಾರ. ನಂಗ ಕಣ್ಣು ಕಾಣೋದು ನಿಲ್ಲೋದ್ರಾಗ ವಿಷ ತಗ್ಯೋ ಹಾದಿ ಹುಡುಕ್ರಿ. ಇಲ್ಲಾಂದ್ರ ನಮ್ಮ ಗಣಪ ಒಕ್ಕಣ್ಣ ಆಗೇ ಊರೂರು ತಿರುಗ್ತಾನ. ಯಾಕಂತ ಕೇಳಿದ್ರ ನಿಮ್ಮ ಗಾಜಿನ ಮನಿ ಹೆಸರು ಹೇಳ್ತೀನಿ."

ಆಕೆ ತಲೆ ತಗ್ಗಿಸಲಿಲ್ಲ, ನೆಪ ಹೇಳಲಿಲ್ಲ. "ಹೇಳ್ರಿ. ಹೇಳಬೇಕು," ಅಂದಳು. ಇನ್ನೊಂದು ಜೊತೆ ಕೈಗವಸು ತೆಗೆದು ನನಗೆ ಕೊಟ್ಟಳು.

ಅದು ನನ್ನ ಕೈಗೆ ದೊಡ್ಡದು. ಸೂಜಿ ಜಾರುತ್ತಿತ್ತು. ಹಳೆಯ ತೊಗಲು ಒಣ ಎಲೆಯಂತೆ ಸದ್ದು ಮಾಡುತ್ತಿತ್ತು. ಎಲ್ಲಿ ಸೀಳುತ್ತದೋ ಎಂದು ನೋಡಿ ನೋಡಿ ಒಂದೊಂದೇ ಹೊಲಿಗೆ ಹಾಕಿದೆ. ಅಧಿಕಾರಿ ಅಂಚು ಹಿಡಿದುಕೊಂಡಳು. ಅತ್ತೆಯ ಹೊಲಿಗೆಗೆ ಹೊಂದಲಿ ಎಂದು ಹಸಿರು ದಾರವನ್ನೇ ತಂದಿದ್ದೆ. ಎಡಗಣ್ಣು ಮುಚ್ಚಿದಾಗ ಮುಖ ನಿದ್ದೆಗೆ ಜಾರುತ್ತಿರುವವರ ಹಾಗೆ ಕಂಡಿತು.

ಅತ್ತ ಭಾವ ಉಳಿ ಹಿಡಿದರು. ಇಳಿಸಿದರು, ಪಂಚೆಗೆ ಕೈ ಒರೆಸಿದರು, ಮತ್ತೆ ಹಿಡಿದರು. ಯಾರೂ ಹೇಳದೆಯೇ ನಮ್ಮವರು ಬಂದು ತೊಗಲನ್ನು ಬಿಗಿಯಾಗಿ ಹಿಡಿದು ಕೂತರು. ಟಕ್ ಟಕ್ ಎಂದು ಸಣ್ಣ ಸದ್ದು, ಅಷ್ಟೆ. ಆಮೇಲೆ ಅಕ್ಕ ಸಮೆ ಹಚ್ಚಿ ಗೊಂಬೆಯ ಹಿಂದೆ ಹಿಡಿದಳು. ಎದುರಿನ ಗೋಡೆಯ ಮೇಲೆ ಬಣ್ಣದ ನೆರಳು ಬಿತ್ತು. ಅದರ ನಡುವೆ ಒಂದೇ ಒಂದು ಬೆಳಕಿನ ಚುಕ್ಕಿ.

"ಮೆಳ್ಳಗಣ್ಣ ಆಗಿಲ್ಲಲ್ಲ?" ಭಾವ ಕೇಳಿದರು.

"ಒಂದ ಕಣ್ಣಿದ್ರ ಮೆಳ್ಳ ಹೆಂಗ ಗೊತ್ತಾಗ್ತೈತಿ?" ಅಂದಳು ಅಕ್ಕ. ಭಾವ ನಕ್ಕರು. ಇವತ್ತು ನಕ್ಕದ್ದು ಅದೇ ಮೊದಲು.

ಹಳೆಯವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆ ಮುಚ್ಚಿ, ಅಡುಗೆಮನೆಯಿಂದ ದೂರ ಅಟ್ಟದ ಮೇಲೆ ಇಟ್ಟೆವು. ನಾಳಿನ ಗಾಡಿ ಬೇಡವೆಂದು ನಮ್ಮವರು ಫೋನು ಮಾಡಿದರು. ಅಧಿಕಾರಿ ಹೊರಟು ನಿಂತಾಗ ಅಕ್ಕ ತಡೆದಳು. "ಉಂಡ ಹೋಗ್ರಿ. ಕೈ ಮಾತ್ರ ಸಬಕಾರ ಹಚ್ಚಿ ಚಲೋತ್ನ್ಯಾಗ ತೊಳ್ಕೊರ್ರಿ, ವಿಷ ನಿಮ್ಮ ಕೈಯಾಗ ಐತಿ." ಆಕೆ ಮೊಣಕೈ ತನಕ ತೊಳೆದುಕೊಂಡು ಬಂದು ನಮ್ಮ ಸಾಲಿನಲ್ಲೇ ಕೂತಳು.

ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಹುಗ್ಗಿ ತಳ ಹಿಡಿದಿತ್ತು, ಆದರೂ ಉಳಿಯಲಿಲ್ಲ. ಭಾವ ಎರಡು ಸಲ ಹಾಕಿಸಿಕೊಂಡರು. ಜೀಪು ಹೋದ ಮೇಲೆ ತೋರಣವನ್ನು ಬಿಚ್ಚಬೇಕೋ ಬೇಡವೋ ಎಂದು ಮತ್ತೆ ಅಕ್ಕನನ್ನು ಕೇಳಲು ಹೋದೆ. ಆಕೆ ಪಾತ್ರೆ ತೊಳೆಯುತ್ತಿದ್ದಳು, ಕೇಳದೆ ತೋರಣವನ್ನು ಹಾಗೇ ಬಿಟ್ಟೆ. ನಮ್ಮವರು ಅಣ್ಣನಿಗೆ ಹಾಸಿಗೆ ಹಾಸಿಕೊಟ್ಟು ಬಾಗಿಲಲ್ಲಿ ಕೂತಿದ್ದರು. ಎಲ್ಲರಿಗಿಂತ ಮೊದಲು ಮಲಗಿದವರು ಭಾವ, ಅಟ್ಟದ ಏಣಿಯ ಬುಡದಲ್ಲಿ, ಕೈಯಲ್ಲಿ ಉಳಿ ಹಿಡಿದುಕೊಂಡೇ.