ಎಲುಬು ಕಟ್ಟೋ ಆಯಿ ಮತ್ತು ನನ್ನ ಎಡಗಾಲು

ಆಯಿಯ ಬಲಗೈ ಹೆಬ್ಬೆರಳು ಉಳಿದವರ ಹೆಬ್ಬೆರಳಿನ ಹಾಗೆ ಇರಲಿಲ್ಲ. ತುದಿ ಅಗಲವಾಗಿ ಚಪ್ಪಟೆಯಾಗಿತ್ತು, ಉಗುರು ದಪ್ಪಗೆ ಅಡ್ಡಡ್ಡ ಬೆಳೆದಿತ್ತು. ಮುರಿದ ಎಲುಬು ಒತ್ತಿ ಒತ್ತಿ ಹಾಗಾಗಿದೆ ಅಂತ ಗುರುಗುಂಟಾದ ಮಂದಿ ಹೇಳುತ್ತಿದ್ದರು. ಆ ಬೆರಳನ್ನು ನೋವಿದ್ದ ಜಾಗದಲ್ಲಿಟ್ಟು ಕಣ್ಣು ಮುಚ್ಚಿದಳೆಂದರೆ ಸುತ್ತ ಕುಂತವರು ಉಸಿರು ಕೂಡ ಜೋರಾಗಿ ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು "ಇಲ್ಲೆ ಐತಿ" ಅನ್ನುತ್ತಿದ್ದಳು. ಅಲ್ಲೇ ಇರುತ್ತಿತ್ತು.

ಕುರಿ ಕಾಯುವ ಮನೆತನ ಆಯಿಯದು. ಕುರಿ ಮರಿಗಳ ಕಾಲು ಕಟ್ಟುವುದನ್ನು ಮಾವನಿಂದ ಕಲಿತವಳು, ಆಮೇಲೆ ಮನುಷ್ಯರದೂ ಕಟ್ಟತೊಡಗಿದಳಂತೆ. ಬಿದಿರಿನ ಸೀಳು, ಕೋಳಿ ತತ್ತಿಯ ಬಿಳಿ, ಹಳೇ ಧೋತರದ ಪಟ್ಟಿ, ಮೇಲೊಂದು ಕರಿ ಉಣ್ಣೆಯ ದಾರ. ನಮ್ಮ ಕಡೆ ಯಾರು ಬಿದ್ದು ಕೈಕಾಲು ಮುರಿದುಕೊಂಡರೂ ಮೊದಲು ಹೋಗುತ್ತಿದ್ದದ್ದು ಅವಳ ಅಂಗಳಕ್ಕೆ. ಆದರೆ ಅವಳದೊಂದು ಕಟ್ಟಳೆ ಇತ್ತು. ಚರ್ಮ ಹರಿದು ಗಾಯವಾಗಿದ್ದರೆ ಮುಟ್ಟುತ್ತಿರಲಿಲ್ಲ. ಎಂಥಾ ಗೌಡರ ಮನೆಯವರೇ ಬರಲಿ, ಬಾಗಿಲಲ್ಲೇ ನಿಲ್ಲಿಸಿ ದವಾಖಾನೆಗೆ ಕಳಿಸುತ್ತಿದ್ದಳು.

ಆ ಕಟ್ಟಳೆಯನ್ನು ಅವಳು ಜೀವನದಲ್ಲಿ ಒಂದೇ ಸಲ ಮುರಿದಳು. ಮುರಿಸಿದವಳು ನಾನು.

ಲಿಂಗಸುಗೂರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದೊಂದು ರೊಟ್ಟಿ ಖಾನಾವಳಿ. ಒಲೆಗೂ ಪಂಕ್ತಿಗೂ ನಡುವೆ ದಿನಕ್ಕೆ ಎಷ್ಟು ಸಲ ಓಡಾಡುತ್ತಿದ್ದೆನೋ ದೇವರಿಗೇ ಗೊತ್ತು. ನನ್ನ ಬಾಯಿ ಜೋರು ಅಂತ ಊರಿಗೆಲ್ಲ ಹೆಸರು, ಸುಳ್ಳೇನಲ್ಲ. ಒಂದು ದಿನ ಮಸ್ಕಿ ಸಂತೆಯಿಂದ ಬೈಕಿನ ಮೇಲೆ ಬರುವಾಗ ಎಮ್ಮೆಯೊಂದು ಅಡ್ಡ ಬಂತು. ಗಾಡಿ ಹೊಡೆಯುತ್ತಿದ್ದವರು ನಮ್ಮನಿಯವರು. ಅವರಿಗೆ ಮೊಣಕೈ ತರಚಿತು ಅಷ್ಟೇ. ನನ್ನ ಎಡ ಮೊಣಕಾಲಿನ ಕೆಳಗಿನ ಎಲುಬು ಎರಡು ತುಂಡಾಗಿ, ಒಂದು ಚೂಪು ತುದಿ ಚರ್ಮ ತೂರಿ ಹುಣಸೆ ಬೀಜದಷ್ಟು ತೂತು ಮಾಡಿತ್ತು.

ನಮ್ಮನಿಯವರು ಸೀದಾ ಸಿಂಧನೂರಿಗೆ ಎಲುಬಿನ ಡಾಕ್ಟರ್ ಹತ್ತಿರ ಹೋಗೋಣ ಅಂದರು. ನಾನು ಒಲ್ಲೆ ಅಂದೆ. ನನ್ನ ಹಡೆದವ್ವ ಆಪರೇಶನ್ ಅಂತ ಒಳಗೆ ಹೋದಾಕಿ ಹೊರಗೆ ಬಂದದ್ದು ಹೆಣವಾಗಿ. ಆ ಬಾಗಿಲು ನನ್ನ ಕಣ್ಣ ಮುಂದಿನಿಂದ ಯಾವತ್ತೂ ಸರಿದಿರಲಿಲ್ಲ. ಗುರುಗುಂಟಾಕ್ಕೇ ನಡೀರಿ ಅಂತ ಹಟ ಹಿಡಿದೆ. ಯಾರದೋ ಜೀಪಿನಲ್ಲಿ ಹಾಕಿಕೊಂಡು ಹೋದರು.

ನನ್ನನ್ನು ಆಯಿಯ ಕಟ್ಟೆ ಮೇಲೆ ಮಲಗಿಸಿ, ಜೀಪಿನವನನ್ನು ಕಳಿಸಿ ಬರಲು ನಮ್ಮನಿಯವರು ಹೊರಗೆ ಹೋದರು. ಆಯಿ ನನ್ನ ಕಾಲಿಗೆ ಸುತ್ತಿದ್ದ ಟವೆಲ್ ಬಿಚ್ಚಿ ತೂತು ನೋಡಿದಳು. ಬೆರಳು ಕೂಡ ಇಡಲಿಲ್ಲ.

"ಒಲ್ಲೆವ್ವ. ಇದು ನನ್ನ ಕೈಯಾಗಿನ ಕೆಲಸಲ್ಲ. ಸಿಂಧನೂರಿಗೆ ಹೋಗು. ಈಗ ಹೋಗು," ಅಂದಳು.

ನಾನು ಅವಳ ಸೆರಗು ಹಿಡಿದೆ, ಬಿಡಲಿಲ್ಲ. ನಮ್ಮವ್ವನ ಸುದ್ದಿ ಹೇಳಿ ಅತ್ತೆ. ನೀ ಕಟ್ಟದಿದ್ದರೆ ಇಲ್ಲೇ ಸಾಯ್ತೀನಿ, ಆ ಪಾಪ ನಿನಗೇ ಅಂತ ಅಂದೆ. ಮುದುಕಿಗೆ ಇಂಥಾ ಮಾತು ಆಡಬಾರದಿತ್ತು, ಆಡಿದೆ. ಅವಳು ಮೆಲ್ಲಗೆ ನನ್ನ ಕೈಯಿಂದ ಸೆರಗು ಬಿಡಿಸಿಕೊಂಡಳು. ಆಮೇಲೆ ಸೊಸೆಗೆ ಬಿದಿರು ತರಲು ಹೇಳಿದಳು. ಅಷ್ಟರಲ್ಲಿ ಒಳಗೆ ಬಂದ ನಮ್ಮನಿಯವರು ಏನಂದಳು ಅಂತ ಕೇಳಿದರು. ಆಯಿ ಬಾಯಿ ತೆರೆಯುವ ಮೊದಲೇ ನಾನು, "ಏನೂ ಆಗಂಗಿಲ್ಲ, ಮೂರು ತಿಂಗಳಿನ್ಯಾಗ ಓಡಾಡತಿ ಅಂದಾಳ," ಅಂದುಬಿಟ್ಟೆ. ಆಯಿ ನನ್ನ ಮುಖ ಒಂದು ಸಲ ನೋಡಿ ತತ್ತಿ ಒಡೆಯಲು ತಿರುಗಿದಳು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಕಟ್ಟಿನ ಒಳಗೆ ಕೀವು ತುಂಬಿತು. ಜ್ವರ ಬಂತು, ಹೋಯಿತು, ಮತ್ತೆ ಬಂತು. ಆಯಿಯೇ ಕಟ್ಟು ಬಿಚ್ಚಿ, ಇನ್ನು ಒಂದು ದಿನ ತಡಮಾಡಬೇಡಿ ಅಂತ ಕೈಮುಗಿದಳು. ನಾನು ಆಗಲೂ ಮಾತ್ರೆ ಮುಲಾಮು ಅಂತ ತಿಂಗಳುಗಟ್ಟಲೆ ದೂಡಿದೆ. ಕೊನೆಗೆ ಕಾಲೆತ್ತಿದರೆ ನಡುವೆ ಬಾಗುತ್ತಿತ್ತು, ಮೊಣಕಾಲಿನ ಕೆಳಗೆ ಇನ್ನೊಂದು ಮೊಣಕಾಲು ಇದ್ದ ಹಾಗೆ. ಅದನ್ನು ನೋಡಿ ನಮ್ಮನಿಯವರು ಹೆಗಲ ಮೇಲೆ ಹಾಕಿಕೊಂಡು ಸಿಂಧನೂರಿಗೆ ಒಯ್ದರು.

ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನ ತನಕ ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಮುರಿದಲ್ಲಿ ಎರಡೂ ತುದಿ ಸತ್ತಿವೆ, ಸತ್ತ ಎಲುಬು ಎಷ್ಟು ವರ್ಷ ಕಾದರೂ ಕೂಡುವುದಿಲ್ಲ. ಒಂದು ದಾರಿ, ಮೊಣಕಾಲಿನ ಕೆಳಗೆ ತೆಗೆಯುವುದು. ಇನ್ನೊಂದು, ಸತ್ತದ್ದನ್ನು ಮೂರು ಬೆರಳಿನಷ್ಟು ಕತ್ತರಿಸಿ ಬಿಸಾಡಿ, ಮೇಲೆ ಮೊಣಕಾಲಿನ ಹತ್ತಿರ ಚಲೋ ಎಲುಬನ್ನು ಹೊಸದಾಗಿ ಸೀಳಿ, ಆ ತುಂಡನ್ನು ದಿನಕ್ಕೆ ಇಷ್ಟಿಷ್ಟೇ ಕೆಳಗೆ ಎಳೆಯುವುದು. ಎಳೆದ ಹಾಗೆ ಹಿಂದೆ ಹೊಸ ಎಲುಬು ಬೆಳೆಯುತ್ತದೆ. ಅಷ್ಟೂ ದಿನ ಕಾಲಿಗೆ ಕಬ್ಬಿಣದ ಬಳೆ ಹಾಕಬೇಕು. ವರ್ಷ ಹಿಡಿದೀತು, ಆದರೂ ಗ್ಯಾರಂಟಿ ಕೊಡಲಾರೆ ಅಂದರು. ಎರಡೂ ದಾರಿ ಆ ಬಾಗಿಲಿನೊಳಗಿಂದಲೇ ಅಂದ ಮೇಲೆ, ಕಾಲಾದರೂ ಉಳಿಯಲಿ ಅಂತ ಬಳೆಗೆ ಹೂಂ ಅಂದೆ.

ಇಷ್ಟರೊಳಗೆ ನಮ್ಮನಿಯವರು ಆಯಿಯ ಹೆಸರು ಊರೂರಿಗೆ ಕೆಡಿಸಿ ಇಟ್ಟಿದ್ದರು. ಗ್ಯಾರಂಟಿ ಕೊಟ್ಟು ಕಾಲು ಕೊಳೆಸಿದಳು ಅಂತ ಸಿಕ್ಕವರಿಗೆಲ್ಲ ಹೇಳಿದರು. ಆಯಿಯ ಅಂಗಳಕ್ಕೆ ಬರುವವರು ಕಡಿಮೆಯಾಗಿ, ಆಮೇಲೆ ನಿಂತೇ ಹೋದರು. ನಾನು ಬಾಯಿ ಬಿಡಲಿಲ್ಲ. ನನ್ನ ನೆವ ಇಷ್ಟೇ. ಗಾಡಿ ಹೊಡೆದವರು ಅವರು. ಬಿದ್ದ ದಿನದಿಂದ ಅವರು ಸರಿಯಾಗಿ ಉಂಡಿರಲಿಲ್ಲ. ಸಿಟ್ಟು ಮಾಡಲು ಆಯಿ ಸಿಕ್ಕ ಮೇಲೆ ತುಸು ತಲೆಯೆತ್ತಿ ನಡೆಯುತ್ತಿದ್ದರು. ಖರೆ ಹೇಳಿದರೆ ಅವರೂ ಕುಸಿಯುತ್ತಾರೆ, ನನ್ನನ್ನೂ ಕ್ಷಮಿಸುವುದಿಲ್ಲ ಅಂತ ಹೆದರಿದೆ. ದಿನ ಹೋದಷ್ಟೂ ಹೇಳುವುದು ಕಠಿಣವಾಯಿತು.

ಆಪರೇಶನ್ ಮುಗಿದ ದಿನ ಆಯಿ ಒಂದು ಗಂಟು ಹಿಡಿದು ಸಿಂಧನೂರಿಗೆ ಬಂದಳು. ಯಾರು ಹೇಳಿದರೋ ಗೊತ್ತಿಲ್ಲ. ನಮ್ಮನಿಯವರು ಅವಳನ್ನು ಕಂಡದ್ದೇ ಹೊರಗೆ ಎದ್ದು ಹೋದರು. ಡಾಕ್ಟರು ರೌಂಡ್ಸಿಗೆ ಬಂದು, ಯಾರಮ್ಮ ಇದನ್ನ ಕಟ್ಟಿದವರು, ಗಾಯ ಇದ್ದದ್ದು ಕಾಣಲಿಲ್ಲವಾ ಅಂತ ನನ್ನ ಕೇಳಿದರು. ನಾನು ಗೋಡೆ ನೋಡಿದೆ.

"ನಾನ ರೀ," ಅಂದಳು ಆಯಿ.

ಡಾಕ್ಟರು ಬೈದರು. ನರ್ಸು, ಪಕ್ಕದ ಮಂಚದವರು, ಅವರ ನೆಂಟರು, ಎಲ್ಲರ ಮುಂದೆ ಬೈದರು. ಒಲ್ಲೆ ಅಂದಿದ್ದೆ ಅನ್ನುವ ಎರಡು ಶಬ್ದ ಅವಳ ಬಾಯಿಂದ ಬರಲಿಲ್ಲ. ತಲೆ ತಗ್ಗಿಸಿ ನಿಂತು ಪೂರಾ ಕೇಳಿ, ಕೊನೆಗೆ, ಈ ಬಳೆ ತಿರುಗಿಸುವುದು ಹೆಂಗ ತೋರಿಸಿಕೊಡ್ರಿ, ನಾ ಮಾಡ್ತೀನಿ ಅಂದಳು. ಡಾಕ್ಟರು ಬೈಯುವುದು ಬಿಟ್ಟು ತೋರಿಸಿಕೊಟ್ಟರು.

ನನ್ನ ಅತ್ತೆಗೆ ಕಣ್ಣು ಮಂಜು, ಖಾನಾವಳಿ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಆಯಿ ನಮ್ಮ ಜೊತೆ ಲಿಂಗಸುಗೂರಿಗೆ ಬಂದು ಹಿಂದಿನ ಕೋಣೆಯಲ್ಲಿ ಉಳಿದಳು. ಐದು ತಿಂಗಳು. ನಮ್ಮನಿಯವರು ಅವಳಿಗೆ ಊಟ ಕಳಿಸುತ್ತಿದ್ದರು, ಮಾತಾಡಿಸುತ್ತಿರಲಿಲ್ಲ. ಅವಳು ಬಾಗಿಲಿಗೆ ಬಂದರೆ ಮುಖ ತಿರುಗಿಸಿ ಹೋಗುತ್ತಿದ್ದರು.

ಆ ಬಳೆಗಳ ಸಂಕಟ ಹೇಳಿದರೆ ತೀರದು. ಮೂರು ಬಳೆ, ಅವನ್ನು ಜೋಡಿಸಿದ ಸರಳು, ಬಳೆಯ ಈ ಬದಿಯಿಂದ ಆ ಬದಿಗೆ ಮಾಂಸ ಎಲುಬು ತೂರಿ ಹೋದ ತಂತಿ. ಮಗ್ಗುಲಾಗಲು ಬರುತ್ತಿರಲಿಲ್ಲ. ಸೀರೆ ಉಡಲು ಬರುತ್ತಿರಲಿಲ್ಲ, ಹಳೇ ನೈಟಿಯ ಒಂದು ಪಕ್ಕ ಸೀಳಿ ಹಾಕಿಕೊಳ್ಳುತ್ತಿದ್ದೆ. ಕೋಣೆಗೊಂದು ಕಿಟಕಿ, ಕಿಟಕಿಗೆ ಎದುರು ಪಕ್ಕದವರ ಗೋಡೆ. ಮುಂದೆ ನನ್ನದೇ ಖಾನಾವಳಿಯ ಗದ್ದಲ ಕೇಳುತ್ತಿತ್ತು. ಬದನೆಕಾಯಿ ಸೀದ ವಾಸನೆ ಬಂದರೆ ಮಲಗಿದಲ್ಲಿಂದಲೇ ಒದರುತ್ತಿದ್ದೆ, ಯಾರಿಗೂ ಕೇಳುತ್ತಿರಲಿಲ್ಲ. ಆ ಕೋಣೆಯೊಳಗೆ ಎರಡೇ ಜೀವ: ನಾನು, ಮತ್ತು ನಾನು ಯಾರ ಬಗ್ಗೆ ಸುಳ್ಳು ಹೇಳಿದ್ದೆನೋ ಆ ಮುದುಕಿ. ಎದ್ದು ಹೋಗೋಣ ಅಂದರೆ ಎಲ್ಲಿ ಹೋಗಲಿ?

ದಿನಕ್ಕೆ ನಾಲ್ಕು ಸಲ ನಡುವಿನ ಬಳೆಯ ನಟ್ಟುಗಳನ್ನು ಸಣ್ಣ ಪಾನಾದಿಂದ ಇಷ್ಟೇ ಇಷ್ಟು ತಿರುಗಿಸಬೇಕು. ಯಾವ ನಟ್ಟು ಅಂತ ಗೊತ್ತಾಗಲೆಂದು ನರ್ಸು ಕೆಂಪು ಉಗುರುಬಣ್ಣ ಹಚ್ಚಿ ಕಳಿಸಿದ್ದಳು. ಆಯಿಗೆ ಬರೀ ಬಣ್ಣದ ಮೇಲೆ ನಂಬಿಕೆ ಇರಲಿಲ್ಲ. ಮೇಲಿನ ಬಳೆಗೆ ಕರಿ ಉಣ್ಣೆ ದಾರ ಕಟ್ಟಿ, ನಡುವಿನ ಬಳೆಯ ತನಕ ಎಳೆದು, ದಿನಾ ಬೆಳಗ್ಗೆ ಎಷ್ಟಾಗಿದೆಯೋ ಅಲ್ಲಿಗೊಂದು ಅರಿಶಿಣದ ಗುರುತು ಮಾಡುತ್ತಿದ್ದಳು. ಎಲುಬು ಎಳೆದರೆ ಬೆಳೆಯುತ್ತದೆ ಅನ್ನುವುದು ಅವಳಿಗೆ ದೊಡ್ಡ ಸೋಜಿಗ. "ಇಷ್ಟು ವರ್ಷ ಎಲುಬು ಮುಟ್ಟೀನಿ, ಇದು ಗೊತ್ತಿರಲಿಲ್ಲ ನೋಡು," ಅಂತ ದಿನಾ ಒಮ್ಮೆಯಾದರೂ ಅನ್ನುತ್ತಿದ್ದಳು. ಅದರಲ್ಲಿ ಹೊಟ್ಟೆಕಿಚ್ಚು ಒಂದಿಷ್ಟೂ ಇರಲಿಲ್ಲ.

ಕಾಲೂರಿ ನಡೆಯಬೇಕು, ಭಾರ ಬಿದ್ದರೇ ಎಲುಬು ಗಟ್ಟಿಯಾಗುವುದು ಅಂತ ಡಾಕ್ಟರು ಹೇಳಿದ್ದರು. ಬಂದ ನೆಂಟರೆಲ್ಲ ಮುರಿದ ಕಾಲು ಅಲುಗಿಸಬೇಡ ಅಂತ ಹೆದರಿಸಿ ಹೋಗುತ್ತಿದ್ದರು. ಆಯಿಯೂ ತನ್ನ ಜೀವಮಾನವೆಲ್ಲ ಅದನ್ನೇ ಹೇಳಿದವಳು. ಆದರೂ ದಿನಾ ನನ್ನ ರಟ್ಟೆ ಹಿಡಿದು ಕೋಣೆಯಲ್ಲಿ ನಡೆಸುತ್ತಿದ್ದಳು. ನಾನು ಅತ್ತರೆ, "ಡಾಕ್ಟರ ಮಾತು. ನನ್ನ ಮಾತು ಕೇಳಿ ಸಾಕಾತಲ್ಲ," ಅನ್ನುತ್ತಿದ್ದಳು.

ಒಂದು ಸಲ ಸೊಸೆಗೆ ಹೆರಿಗೆ ಅಂತ ಮೂರು ದಿನ ಗುರುಗುಂಟಾಕ್ಕೆ ಹೋದಳು. ನಟ್ಟು ತಿರುಗಿಸುವ ಕೆಲಸ ನನಗೇ ಬಂತು. ಒಂದು ದಿನ ತಿರುಗಿಸಿದೆ. ಮಾಂಸ ಹರಿಯುವಂಥ ಆ ಎಳೆತ ನನ್ನ ಕೈಯಿಂದ ನಾನೇ ಮಾಡಿಕೊಳ್ಳುವುದು ಆಗಲಿಲ್ಲ. ಉಳಿದೆರಡು ದಿನ ಪಾನಾ ಮುಟ್ಟಲಿಲ್ಲ. ಬಂದವಳಿಗೆ ಎಲ್ಲ ಸರಿಯಾಗಿ ತಿರುಗಿಸೀನಿ ಅಂದೆ. ಅವಳು ದಾರ ಎಳೆದು ನೋಡಿದಳು.

"ಎರಡು ದಿನ ಬಿಟ್ಟೀದಿ."

ಸಿಕ್ಕಿಬಿದ್ದ ಸಿಟ್ಟಿಗೆ, ಹೌದು ಬಿಟ್ಟೀನಿ, ಕಾಲು ಕಡಿದು ಒಗೆಯಲಿ, ಈ ಪಂಜರ ನನಗೆ ಸಾಕು ಅಂತ ಚೀರಾಡಿದೆ. ಅವಳು ಬುಟ್ಟಿಯಲ್ಲಿದ್ದ ಫೋನು ನನ್ನ ಕೈಗೆ ಕೊಟ್ಟು ಡಾಕ್ಟರಿಗೆ ಹಚ್ಚಿಸಿದಳು. ಎರಡು ದಿನ ನಿಂತದ್ದನ್ನು ಇದ್ದದ್ದು ಇದ್ದಂಗೆ ಹೇಳಿದಳು. ಇನ್ನೂ ತಡವಾಗಿದ್ದರೆ ಹೊಸ ಎಲುಬು ಅಲ್ಲೇ ಗಟ್ಟಿಯಾಗಿ ಮತ್ತೆ ಸೀಳಬೇಕಾಗುತ್ತಿತ್ತು ಅಂದರಂತೆ ಅವರು.

ಫೋನು ಇಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. "ಡಾಕ್ಟರಿಗೆ ಎಲ್ಲಾ ಹೇಳತಿ. ಅದೊಂದು ಯಾಕ ಹೇಳಿಲ್ಲ ಆಯಿ? ನೀ ಒಲ್ಲೆ ಅಂದಿದ್ದಿ. ನಾನ ಬೇಡಿದೆ. ನಮ್ಮನಿಯವರಿಗೆ ಸುಳ್ಳು ಹೇಳಿದೆ."

ಆಯಿ ಪಾನಾ ಕೈಗೆ ತೆಗೆದುಕೊಂಡು ಮೊದಲನೇ ನಟ್ಟು ತಿರುಗಿಸಿದಳು. ನಾನು ಹಲ್ಲು ಕಚ್ಚಿದೆ.

"ಬೇಡಿದ್ದು ನೀನ, ಖರೆ. ಕಟ್ಟಿದ್ದು ನನ್ನ ಕೈ," ಅಂದಳು. ಎರಡನೇ ನಟ್ಟಿಗೆ ಪಾನಾ ಹಾಕುತ್ತಾ, "ಈಗ ಹೇಳಬ್ಯಾಡ. ಅಂವನೂ ದಣದಾನ, ನೀನೂ ದಣದಿ. ಮೊದಲ ಎಲುಬು ಕೂಡ್ಲಿ. ಆಮ್ಯಾಲೆ ಹೇಳೂದು ಬಿಡೂದು ನಿನಗ ಬಿಟ್ಟಿದ್ದು," ಅಂದಳು.

ಎಲುಬು ಕೂಡಿತು. ಎಳೆಯುವುದು ಮುಗಿದು, ನಾನು ಕೋಲು ಹಿಡಿದು ಒಬ್ಬಳೇ ನಡೆಯುವಂತಾದ ದಿನ ಆಯಿ ಗಂಟು ಕಟ್ಟಿದಳು. ನಮ್ಮನಿಯವರು ಸಂತೆಗೆ ಹೋಗಿದ್ದರು. ಬಸ್ಸಿನ ತನಕ ಕಳಿಸಲು ನನಗೆ ಬಿಡಲಿಲ್ಲ, ಹೊಸ್ತಿಲಲ್ಲೇ ತಲೆ ಸವರಿ ಹೋದಳು. ಅದಾಗಿ ಆರು ತಿಂಗಳಿಗೆ ಬಳೆ ತೆಗೆದರು. ಡಾಕ್ಟರು ಆಯಿಯನ್ನು ನೆನೆಸಿ, ಅಷ್ಟು ಚೊಕ್ಕಾಗಿ ನೋಡಿಕೊಂಡವರು ನನಗೆ ಇನ್ನೊಬ್ಬರು ಸಿಕ್ಕಿಲ್ಲ ಅಂದರು. ನಮ್ಮನಿಯವರು ಅದನ್ನು ಕೇಳಿಯೂ ಸುಮ್ಮನಿದ್ದರು. ಅವತ್ತೇ ಹೇಳಬಹುದಿತ್ತು. ಹಬ್ಬ ಮುಗಿಯಲಿ ಅಂದುಕೊಂಡೆ. ಹಬ್ಬ ಮುಗಿದ ಮೇಲೆ ಇನ್ನೊಂದು ನೆವ ಸಿಕ್ಕಿತು.

ಆಯಿ ಮತ್ತೆ ಯಾರಿಗೂ ಎಲುಬು ಕಟ್ಟಲಿಲ್ಲ. ಬಂದ ಒಬ್ಬಿಬ್ಬರನ್ನು ಸಿಂಧನೂರಿಗೆ ಕಳಿಸಿದಳಂತೆ. ಚಳಿಗಾಲದಲ್ಲಿ ತೀರಿಕೊಂಡಳು. ನಾನು ಮಣ್ಣಿಗೆ ಹೋದೆ, ಎರಡೂ ಕಾಲಿನ ಮೇಲೆ ನಡೆದು ಹೋದೆ. ಬಹಳ ಮಂದಿ ಬಂದಿರಲಿಲ್ಲ. ಯಾಕೆ ಬಂದಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಅಲ್ಲಿಯೂ ನಾನು ಖರೆ ಹೇಳಲಿಲ್ಲ. ಅವಳ ಸೊಸೆ ನನಗೆ ನೀರು ಕೊಟ್ಟು, ಕಾಲು ಹೆಂಗೈತಿ ಅಕ್ಕಾ ಅಂತ ಕೇಳಿದಳು. ಚಲೋ ಐತಿ ಅಂತ ಹೇಳಿ ಬಸ್ಸು ಹತ್ತಿದೆ. ಇಂಥಾ ಹೇಡಿತನ ನನ್ನ ಬಾಯಿಜೋರಿನ ಒಳಗೆ ಅಡಗಿತ್ತು.

ಅದಾಗಿ ತಿಂಗಳೊಪ್ಪತ್ತಿಗೆ, ಮಧ್ಯಾಹ್ನದ ಗಿರಾಕಿ ತುಂಬಿದ ಹೊತ್ತಿನಲ್ಲಿ, ಗುರುಗುಂಟಾ ಕಡೆಯ ಇಬ್ಬರು ಊಟಕ್ಕೆ ಕುಂತಿದ್ದರು. ಒಬ್ಬನ ಕೈಗೆ ಪ್ಲಾಸ್ಟರು. ಅದನ್ನು ನೋಡಿ ಇನ್ನೊಬ್ಬ, ಮೊದಲಾಗಿದ್ದರೆ ನಮ್ಮೂರ ಆಯಿ ಕಟ್ಟುತ್ತಿದ್ದಳು, ಒಳ್ಳೇದಾಯಿತು ನೀ ಹೋಗಲಿಲ್ಲ, ಕಡೆಗಾಲಕ್ಕೆ ಯಾವುದೋ ಹೆಣ್ಣುಮಗಳ ಕಾಲು ಹಾಳು ಮಾಡಿ ಸತ್ತಳು ಅಂದ.

ರೊಟ್ಟಿ ಬುಟ್ಟಿ ನನ್ನ ಕೈಯಲ್ಲಿತ್ತು. ಅದನ್ನು ಅವರ ಎದುರು ಇಟ್ಟೆ. ಅಷ್ಟು ಗಂಡಸರ ಮುಂದೆ ಸೀರೆ ಮೊಣಕಾಲಿನ ತನಕ ಎತ್ತಿ ಕಾಲು ಬೆಂಚಿನ ಮೇಲಿಟ್ಟೆ. ತಂತಿ ತೂರಿದ ಕಲೆಗಳು ಸಾಲಾಗಿ ಕಂಡವು.

"ಆ ಹೆಣ್ಮಗಳು ನಾನರೀ. ಆಯಿ ಒಲ್ಲೆ ಅಂದಿದ್ಲು. ಗಾಯ ಐತಿ, ಸಿಂಧನೂರಿಗೆ ಹೋಗು ಅಂದಿದ್ಲು. ಸೆರಗು ಹಿಡಿದು ಕಟ್ಟಿಸಿಕೊಂಡಾಕಿ ನಾನು. ಗ್ಯಾರಂಟಿ ಕೊಟ್ಟಾಳಂತ ನಮ್ಮನಿಯವರಿಗೆ ಸುಳ್ಳು ಹೇಳಿದಾಕಿನೂ ನಾನು. ಈ ಕಾಲು ಉಳಿಸಿದಾಕಿ ಅಕಿ."

ಉಣ್ಣುವವರ ಕೈ ನಿಂತವು. ನಮ್ಮನಿಯವರು ಪಂಕ್ತಿಯ ಆ ತುದಿಯಲ್ಲಿ ಬೇಳೆ ಬಡಿಸುತ್ತಿದ್ದರು. ಸವಟು ಪಾತ್ರೆಯೊಳಗೆ ಬಿಟ್ಟು ನನ್ನನ್ನೇ ನೋಡುತ್ತಾ ನಿಂತರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಅಂತಲೂ ಅಂದುಕೊಂಡೆ. ಅವರು ಪಾತ್ರೆ ಕೆಳಗಿಟ್ಟು ಅಲ್ಲೇ ಒಂದು ಖಾಲಿ ಜಾಗದಲ್ಲಿ ಕುಂತರು.

"ಐದು ತಿಂಗಳು ನಮ್ಮ ಮನ್ಯಾಗ ಇದ್ಲು," ಅಂದರು. "ಉಂಡಿ ಏನವ್ವಾ ಅಂತ ಒಂದು ದಿನ ಕೇಳಲಿಲ್ಲಲ್ಲ ನಾ."